ರಸ್ತೆಯ ಮೇಲಿನ ಕಾಲ

ಅಕ್ಟೋಬರ್ ೬

ಪ್ರೀತಿಯ ಭಾಮೈದ,

ಕವರಿನ ಮೇಲೆ ನನ್ನ ಅಕ್ಷರ ಕಂಡು ನೀನು ಹುಬ್ಬು ಗಂಟಿಕ್ಕಿರ್ತೀಯ, ಗೊತ್ತು. ನಿಮ್ಮಕ್ಕನನ್ನು ಮಸಣಕ್ಕೆ ಕಳಿಸಿಕೊಟ್ಟು ಬೆನ್ನು ಹಾಕಿದವನು ಎರಡು ವರ್ಷದಿಂದ ಈ ಕಡೆ ತಲೆ ಹಾಕಲಿಲ್ಲ. ಇರಲಿ. ಈಗ ಕೆಲಸ ಬಿದ್ದಿದೆ, ನಾಚಿಕೆ ಬಿಟ್ಟು ಬರೀತಾ ಇದ್ದೀನಿ.

ಬೆಟ್ಟದ ಸನ್ನಿಧಿಗೆ ಕಾಲ್ನಡಿಗೆಯ ಯಾತ್ರೆ ಮತ್ತೆ ಹೊರಡಿಸಬೇಕು ಅಂತ ಸಮಿತಿ ಸೇರಿತ್ತು. ಇದು ಇಪ್ಪತ್ತೈದನೆಯದು, ಇಪ್ಪತ್ತನಾಲ್ಕಕ್ಕೂ ನಾನೇ ಮುಂದಾಳು. ಇನ್ನೇನು ಎಲ್ಲ ಒಪ್ಪಿದರು ಅನ್ನುವಾಗ ಹೊಸ ಕಾರ್ಯದರ್ಶಿ ಎದ್ದು ನಿಂತರು. ರಿಟೈರಾದ ಹೆಡ್ಮಿಸ್ಸು. ಬೆತ್ತ ಒಂದು ಕೈಯಲ್ಲಿಲ್ಲ ಅಷ್ಟೆ. "ಹೆದ್ದಾರಿ ಮೇಲೆ ಇನ್ನು ನಾವು ಕಾಲಿಡಲ್ಲ. ರಸ್ತೆ ಮೇಲೆ ಒಟ್ಟು ಎಷ್ಟು ಹೊತ್ತು ಇರ್ತೀವಿ ಅಂತ ಲೆಕ್ಕ ಕೊಡಿ. ಆ ಹೊತ್ತು ಕಮ್ಮಿ ಮಾಡೋರು ಯಾರೋ ಅವರೇ ಮುಂದಾಳು" ಅಂದುಬಿಟ್ಟರು. ಜನ ಚಪ್ಪಾಳೆ ಹೊಡೆದರು ಕಣಯ್ಯ, ನನ್ನ ಅಂಗಡಿಯ ಮೈಕಿನಲ್ಲೇ ಮಾತಾಡಿ ನನ್ನ ಬುಡಕ್ಕೇ ಕೊಡಲಿ ಹಾಕಿದರು.

ನೀನು ಮೂವತ್ತು ವರ್ಷ ಟೇಪು ಹಿಡಿದು ನೆಲ ಅಳೆದವನು. ಗದ್ದೆ ಬದು, ಕಾಲುವೆ ಏರಿ, ಕಾಡಂಚು, ಎಲ್ಲ ನಿನ್ನ ಬೆರಳ ತುದಿಯಲ್ಲಿದೆ. ಒಂದು ದಾರಿ ಹಾಕಿಕೊಡು. ನಾನು ಎಂದಿನಂತೆ ಜೀಪಿನಲ್ಲಿ ಮುಂದೆ ಹೋಗಿ ಊಟ, ಮಲಗೋ ಜಾಗ ನೋಡಿಕೊಳ್ತೀನಿ. ಮುಂದಾಳಿನ ಪಾಡು ನಿನಗೆ ಗೊತ್ತಲ್ಲ.

ನಿನ್ನ ಭಾವ

*

ಅಕ್ಟೋಬರ್ ೧೫

ಮಾನ್ಯ ಭಾವನವರಿಗೆ,

ತಮ್ಮ ಪತ್ರ ತಲುಪಿತು. ಕೆಲಸವನ್ನು ಒಪ್ಪಿಕೊಂಡಿದ್ದೇನೆ. ಈ ಕೆಳಗಿನ ವಿವರಗಳನ್ನು ದಯವಿಟ್ಟು ಕಳುಹಿಸಬೇಕು: ಒಟ್ಟು ಯಾತ್ರಿಕರ ಸಂಖ್ಯೆ; ಅವರಲ್ಲಿ ಅರವತ್ತು ದಾಟಿದವರೆಷ್ಟು; ಸಾಲಿನ ಮೊದಲಿಗನಿಗೂ ಕೊನೆಯವರಿಗೂ ಸಾಮಾನ್ಯವಾಗಿ ಇರುವ ಅಂತರವೆಷ್ಟು. ಮೂರನೆಯದು ಬಹಳ ಮುಖ್ಯ. ರಸ್ತೆಯ ಮೇಲಿನ ಕಾಲವೆಂದರೆ ಮೊದಲಿಗನು ರಸ್ತೆಗೆ ಇಳಿದ ಕ್ಷಣದಿಂದ ಕೊನೆಯವರು ರಸ್ತೆಯನ್ನು ಬಿಟ್ಟ ಕ್ಷಣದವರೆಗಿನ ಕಾಲ. ಮುಂದಿದ್ದವನು ದಾಟಿದೊಡನೆ ರಸ್ತೆ ಮುಗಿಯಿತೆಂದು ಬರೆದುಕೊಳ್ಳುವುದು ನಿಮ್ಮಲ್ಲಿ ರೂಢಿಯಾಗಿದೆ. ಅಕ್ಕ ಇಪ್ಪತ್ತೆರಡು ಯಾತ್ರೆಗಳಲ್ಲಿ ಯಾವಾಗಲೂ ಕೊನೆಯವಳಾಗಿದ್ದಳು.

ಅಕ್ಕ ತೀರಿಕೊಂಡ ಸಂಜೆಯ ಕುರಿತು ಠಾಣೆಯಲ್ಲಿ ನೀವು ಬರೆಸಿದ ಹೇಳಿಕೆಯ ನಕಲು ನನ್ನಲ್ಲಿದೆ. ಅದರ ನಾಲ್ಕನೆಯ ಸಾಲು ಹೀಗಿದೆ: "ಆಕೆ ತಾನಾಗಿಯೇ ಲಾರಿಗೆ ಅಡ್ಡ ಬಂದಳು." ಹೆದ್ದಾರಿಯನ್ನು ಆರಿಸಿದವರು ಯಾರು, ಕತ್ತಲಾಗುವ ಮೊದಲು ತಂಗುದಾಣ ಮುಟ್ಟದಷ್ಟು ದೂರವನ್ನು ಆ ದಿನಕ್ಕೆ ಇಟ್ಟವರು ಯಾರು ಎಂಬುದು ಹೇಳಿಕೆಯಲ್ಲಿಲ್ಲ. ಆ ಸಾಲಿನ ಬಗ್ಗೆ ನಾನು ಈವರೆಗೆ ಏನನ್ನೂ ಕೇಳಿಲ್ಲ. ಈಗಲೂ ಕೇಳುತ್ತಿಲ್ಲ.

ಇಂತಿ,
ನಿಮ್ಮ ಮೈದುನ

*

ಅಕ್ಟೋಬರ್ ೨೪

ಭಾಮೈದ,

ಜನ ಅರವತ್ತೆಂಟು. ಅರವತ್ತು ದಾಟಿದವರು ಇಪ್ಪತ್ತು, ನನ್ನನ್ನು ಸೇರಿಸಿ. ಮೊದಲಿಗನಿಂದ ಕೊನೆಯವರಿಗೆ ಅರ್ಧ ಗಂಟೆ ಇಟ್ಟುಕೋ. ಕತ್ತೆ ಮೂರು. ಸಾಮಾನಿಗೆ ಕತ್ತೆ ಯಾಕೆ ಅಂತ ಕೇಳಬೇಡ, ಅದೂ ಹೆಡ್ಮಿಸ್ಸಿನ ಅಪ್ಪಣೆ.

ಹೇಳಿಕೆ ವಿಷಯ ಎತ್ತಿದ್ದೀಯ. ಬರೆಸಿಕೊಂಡವನು ಅವಸರದಲ್ಲಿದ್ದ, ನಾನು ನನ್ನಲ್ಲೇ ಇರಲಿಲ್ಲ. ಹೆಂಡತಿಯನ್ನು ಕಳಕೊಂಡವನಿಗೆ ವ್ಯಾಕರಣ ನೋಡೋಕೆ ಆಗುತ್ತಾ? ನೀನು ಮತ್ತೆ ಕಾಗದ ಬರೆದೆಯಲ್ಲ, ಅಷ್ಟೇ ಸಾಕು ನನಗೆ. ನಿಮ್ಮಕ್ಕ ಇದ್ದಿದ್ದರೆ "ಟೇಪು, ಮೈಕು ಎರಡೂ ಕೊನೆಗೂ ಒಂದೇ ಪೆಟ್ಟಿಗೆ ಸೇರಿದವು" ಅಂತ ನಗೋಳು.

ನಿನ್ನ ಭಾವ

*

ನವೆಂಬರ್ ೧೮

ಮಾನ್ಯ ಭಾವನವರಿಗೆ,

ಮೂರು ವಾರಾಂತ್ಯಗಳಲ್ಲಿ ಮತ್ತು ಹನ್ನೊಂದು ದಿನಗಳ ರಜೆಯಲ್ಲಿ ಶಿಫಾರಸು ಮಾಡುವ ದಾರಿಯನ್ನು ಪೂರ್ತಿಯಾಗಿ, ಉಳಿದವುಗಳನ್ನು ಮುಖ್ಯ ಭಾಗಗಳಲ್ಲಿ ಸ್ವತಃ ನಡೆದು ನೋಡಿದ್ದೇನೆ. ಹಳೆಯ ದಾರಿಯಲ್ಲಿ ಹನ್ನೆರಡು ದಿನಗಳ ನಡಿಗೆಯ ಪೈಕಿ ರಸ್ತೆಯ ಮೇಲಿನ ಕಾಲ ನಲವತ್ತೇಳು ಗಂಟೆ. ಅದಕ್ಕೆ ಬದಲಾಗಿ ಮೂರು ದಾರಿಗಳು ಸಾಧ್ಯ.

ಮೊದಲನೆಯದು ಹೆದ್ದಾರಿಗೆ ಸಮಾನಾಂತರವಾಗಿ ಹೊಲಗಳ ನಡುವೆ ಹೋಗುತ್ತದೆ. ಹತ್ತೊಂಬತ್ತು ಗಂಟೆ ರಸ್ತೆ. ಎರಡನೆಯದು ಹೊಳೆಯ ದಂಡೆಯನ್ನು ಹಿಡಿಯುತ್ತದೆ, ಆದರೆ ನಾಲ್ಕು ಊರುಗಳ ಒಳಗೆ ಹಾಯುತ್ತದೆ. ಎಂಟು ಗಂಟೆ ಇಪ್ಪತ್ತು ನಿಮಿಷ. ಮೂರನೆಯದು ಮೊದಲ ಐದು ದಿನ ಕಾಲುವೆಯ ಏರಿಯ ಮೇಲೆ, ಆನಂತರ ಹಳಿ ಕಿತ್ತುಹಾಕಿದ ಹಳೆಯ ರೈಲುದಾರಿಯ ಮೇಲೆ, ಕೊನೆಗೆ ಕಾಡಂಚಿನ ಕಾಲುದಾರಿಯಲ್ಲಿ ಸಾಗುತ್ತದೆ. ದೂರ ಇಪ್ಪತ್ತೆರಡು ಕಿಲೋಮೀಟರು ಹೆಚ್ಚು. ರಸ್ತೆಯನ್ನು ಅಡ್ಡ ದಾಟುವ ಎರಡು ಕಡೆ, ಒಂದು ರಸ್ತೆ ಸೇತುವೆ, ಇಷ್ಟನ್ನೇ ಲೆಕ್ಕ ಹಿಡಿದರೆ ರಸ್ತೆಯ ಮೇಲಿನ ಕಾಲ ಒಂದು ಗಂಟೆ ಐವತ್ತು ನಿಮಿಷ. ಕೊನೆಯವರನ್ನು ಸೇರಿಸಿ.

ಮೂರನೆಯದನ್ನು ಶಿಫಾರಸು ಮಾಡುತ್ತೇನೆ. ಕಾಲ ಉಳಿಸಲೆಂದು ಒಂದು ಪ್ರತಿಯನ್ನು ಕಾರ್ಯದರ್ಶಿಯವರಿಗೆ ನೇರವಾಗಿ ಕಳುಹಿಸಿದ್ದೇನೆ.

ಇಂತಿ,
ನಿಮ್ಮ ಮೈದುನ

*

ನವೆಂಬರ್ ೨೮

ಭಾಮೈದ, ಭಾಮೈದ!

ಒಂದು ಗಂಟೆ ಐವತ್ತು ನಿಮಿಷ! ಹೆಡ್ಮಿಸ್ಸು ನಿನ್ನ ನಕ್ಷೆಯನ್ನು ಗೋಡೆಗೆ ಅಂಟಿಸಿ ಕೋಲು ಹಿಡಿದು ಪಾಠ ಮಾಡಿದರು. "ಇದನ್ನ ಮಾಡಿದವರು ಮನುಷ್ಯರಲ್ಲ, ಗಡಿಯಾರ" ಅಂದರು. ನನ್ನನ್ನೇ ಮುಂದಾಳು ಅಂತ ಕೈಯೆತ್ತಿ ಆರಿಸಿದರು. ಎಲ್ಲರೂ ಸಹಿ ಹಾಕಿದ್ದಾಯಿತು. ನನ್ನ ಕಣ್ಣಲ್ಲಿ ನೀರು ಬಂತು ಕಣೋ. ಎರಡು ವರ್ಷ ನೀನು ಸಿಟ್ಟಲ್ಲಿದ್ದೀಯ ಅಂತ ಅಂದುಕೊಂಡಿದ್ದೆ. ಸಿಟ್ಟಿದ್ದವನು ಭಾವನಿಗೋಸ್ಕರ ಹನ್ನೊಂದು ದಿನ ರಜೆ ಹಾಕಿ ನಡೀತಾನಾ?

ಒಂದೇ ಒಂದು ಸಣ್ಣ ಮರೆವು. ನಕ್ಷೆಯಲ್ಲಿ ಜೀಪು ಎಲ್ಲೆಲ್ಲಿ ಬಂದು ಸೇರಬೇಕು ಅನ್ನೋದನ್ನ ಗುರುತು ಹಾಕಿಲ್ಲ. ಎಷ್ಟು ಹುಡುಕಿದರೂ ಸಿಗಲಿಲ್ಲ. ಬೇಗ ತಿಳಿಸು.

ನಿನ್ನ ಭಾವ

*

ಡಿಸೆಂಬರ್ ೫

ಮಾನ್ಯ ಭಾವನವರಿಗೆ,

ಮರೆತಿಲ್ಲ.

ಕಾಲುವೆಯ ಏರಿಯ ಅಗಲ ಒಂದು ಮೀಟರು ಇಪ್ಪತ್ತು ಸೆಂಟಿಮೀಟರು. ಮೂರನೆಯ ದಿನದ ಮರದ ಸೇತುವೆ ಒಂದು ಕತ್ತೆಯನ್ನು, ಅದೂ ಹೊರೆ ಇಳಿಸಿದ ಮೇಲೆ, ತಡೆದುಕೊಳ್ಳುತ್ತದೆ. ಹಳೆಯ ರೈಲುದಾರಿಯ ಎರಡೂ ತುದಿಗಳಲ್ಲಿ ಇಲಾಖೆಯವರು ಕಾಂಕ್ರೀಟಿನ ಗೂಟಗಳನ್ನು ನೆಟ್ಟಿದ್ದಾರೆ. ಹನ್ನೆರಡು ದಿನಗಳಲ್ಲಿ ಜೀಪು ತಲುಪಬಹುದಾದ ಒಂದು ತಂಗುದಾಣವನ್ನೂ ನಾನು ಇಟ್ಟಿಲ್ಲ. ನಕ್ಷೆಯ ಟಿಪ್ಪಣಿ ಏಳನ್ನು ಓದಿರಿ. ನಿಮ್ಮ ಸಹಿ ಅದರ ಕೆಳಗಿದೆ. "ಮುಂದಾಳು ಪ್ರತಿದಿನವೂ ಸಾಲಿನ ಕೊನೆಯಲ್ಲಿ ನಡೆಯತಕ್ಕದ್ದು."

ನೀವು ಇಪ್ಪತ್ತನಾಲ್ಕು ಯಾತ್ರೆಗಳನ್ನು ಕುಳಿತು ಮುಗಿಸಿದ್ದೀರಿ. ಪ್ರತಿ ಊರಿನ ಹೊರಗೆ ಜೀಪಿನಿಂದ ಇಳಿದು, ಬಾವುಟ ಹಿಡಿದು, ಊರಿನೊಳಕ್ಕೆ ನಡೆದು ಹಾರ ಹಾಕಿಸಿಕೊಂಡಿದ್ದೀರಿ. ಜೀಪಿಗೆ ರಸ್ತೆ ಬೇಕಾಗಿತ್ತು. ಆದುದರಿಂದ ಅರವತ್ತು ಜನರಿಗೂ ಹೆದ್ದಾರಿಯೇ ದಾರಿಯಾಯಿತು. ಅಕ್ಕ ತೀರಿಕೊಂಡ ವರ್ಷ ಕಾಲುವೆಯ ದಾರಿಯೊಂದನ್ನು ನಾನು ಬರೆದುಕೊಟ್ಟಿದ್ದೆ. ನೀವು ಅದನ್ನು ತೆರೆದೂ ನೋಡಲಿಲ್ಲವೆಂದು ಅಕ್ಕ ಹೇಳಿದ್ದಳು.

ನಕ್ಷೆಯಲ್ಲಿ ಒಂದು ಗೆರೆಯೂ ಸುಳ್ಳಲ್ಲ. ಇದಕ್ಕಿಂತ ಕಡಿಮೆ ರಸ್ತೆಯ ದಾರಿ ಇನ್ನೊಂದಿಲ್ಲ. ನಾನು ನಿಮಗೆ ಮಾಡಬಹುದಾದ ಅತ್ಯುತ್ತಮ ಕೆಲಸವನ್ನು ಮಾಡಿದ್ದೇನೆ.

ಇದಕ್ಕೊಂದು ಪರಿಹಾರವಿದೆ. ಆ ನಾಲ್ಕನೆಯ ಸಾಲನ್ನು ಹಿಂತೆಗೆದುಕೊಂಡು, ನಡೆದದ್ದನ್ನು ನಡೆದಂತೆ ಬರೆದು ಸಹಿ ಮಾಡಿ ನನಗೆ ಕಳುಹಿಸಿರಿ. ನಾನದನ್ನು ಠಾಣೆಗೆ ಕೊಡುತ್ತೇನೆ. ಅದೇ ದಿನ ನೀವಿರುವ ಸ್ಥಳಕ್ಕೆ ಅತಿ ಹತ್ತಿರದ ರಸ್ತೆ ಯಾವುದೆಂದು ತಿಳಿಸುತ್ತೇನೆ.

ಇಂತಿ,
ನಿಮ್ಮ ಮೈದುನ

*

ಡಿಸೆಂಬರ್ ೧೧

ಟೇಪು,

ಹಾವಿಗೆ ಹಾಲೆರೆದೆ ನಾನು. ಅರವತ್ತೊಂದು ವರ್ಷದವನನ್ನು ಇನ್ನೂರೆಂಟು ಕಿಲೋಮೀಟರು ನಡೆಸಿ ಏನು ಕಿಸೀತೀಯ? ನಿಮ್ಮಕ್ಕ ವಾಪಸ್ಸು ಬರ್ತಾಳಾ? ಅವಳು ಹೋದಾಗ ನೀನೆಲ್ಲಿದ್ದೆ? ಯಾವುದೋ ಗುಡ್ಡದ ತುದಿಯಲ್ಲಿ ಮೂರು ಕಾಲಿನ ಯಂತ್ರಕ್ಕೆ ಒಂದು ಕಣ್ಣು ಅಂಟಿಸಿಕೊಂಡು ನಿಂತಿದ್ದೆ. ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನ ಅವಳ ಜೊತೆ ನಡೆದಿದ್ದೀಯಾ? ದಾರಿ ಬರೆದುಕೊಟ್ಟನಂತೆ ದೊಡ್ಡ ಮನುಷ್ಯ.

ಒಂದಕ್ಷರ ಬರೆಯಲ್ಲ ನಾನು. ಮುಂದಾಳುತನ ಬಿಡೋದೂ ಇಲ್ಲ. ನಡೆದು ತೋರಿಸ್ತೀನಿ. ನಿನ್ನ ನಕ್ಷೆಯ ಮೇಲೆ ಕಾಲಿಟ್ಟುಕೊಂಡೇ ಹೋಗ್ತೀನಿ.

*

ಡಿಸೆಂಬರ್ ೨೦

ಮಾನ್ಯ ಭಾವನವರಿಗೆ,

ಹಾಗಿದ್ದಲ್ಲಿ ಹತ್ತಿಯ ಕಾಲುಚೀಲ ಆರು ಜೊತೆ ಇಟ್ಟುಕೊಳ್ಳಿರಿ. ಹೊಸ ಬೂಟು ಬೇಡ. ಉಗುರುಗಳನ್ನು ನೇರವಾಗಿ ಕತ್ತರಿಸಿರಿ.

ಯಾತ್ರಿಕರಿಗಾಗಿ ಮಡಚುವ ಪಟ್ಟಿನಕ್ಷೆಯೊಂದನ್ನು ಮಾಡಿ ಕಾರ್ಯದರ್ಶಿಯವರಿಗೆ ಕಳುಹಿಸಿದ್ದೇನೆ. ಅದರಲ್ಲಿ ದಾರಿಯ ಎರಡೂ ಬದಿಗೆ ತಲಾ ಇನ್ನೂರು ಮೀಟರು ಮಾತ್ರ ಇದೆ. ಅದರಾಚೆ ಏನಿದೆಯೆಂಬುದು ನಡೆಯುವವರಿಗೆ ಅನಗತ್ಯ.

ಒಂಬತ್ತನೆಯ ತಂಗುದಾಣದಲ್ಲಿ, ಶಾಲೆಯಲ್ಲಿ, ಎರಡು ದಿನ ಪೂರ್ಣ ವಿಶ್ರಾಂತಿ ಇದೆ. ಅಂಚೆ ಪ್ರತಿ ತಂಗುದಾಣಕ್ಕೂ ಮರುದಿನವೇ ತಲುಪುತ್ತದೆ. ಪರೀಕ್ಷಿಸಿ ನೋಡಿದ್ದೇನೆ.

ಇಂತಿ,
ನಿಮ್ಮ ಮೈದುನ

*

ಜನವರಿ ೬, ನಾಲ್ಕನೆಯ ತಂಗುದಾಣ

ಟೇಪು,

ಬದುಕಿದ್ದೀನಿ. ನಿರಾಸೆ ಆಯಿತಾ?

ಮೊದಲ ದಿನ ಕತ್ತೆಗಳಿಗಿಂತ ಮುಂಚೆ ತಲುಪಿದೆ. ಎರಡನೆಯ ದಿನ ಕತ್ತೆಗಳ ಜೊತೆ. ನಿನ್ನೆ ಕತ್ತೆ ಕಾಯೋನು ಹಿಂತಿರುಗಿ ನೋಡಿ, "ಬುದ್ಧೀ, ನಿಮ್ಮ ಚೀಲ ಬೇಕಾದ್ರೆ ಇದರ ಮೇಲೆ ಹಾಕಿ, ನೀವು ಮಾತ್ರ ಹತ್ತಬೇಡಿ, ಇದು ಬಸುರಿ" ಅಂದ. ಅರವತ್ತೇಳು ಜನ ನಕ್ಕರು. ಹೆಡ್ಮಿಸ್ಸು ದಿನಾ ಸಂಜೆ ಬಾಗಿಲಲ್ಲಿ ವಾಚು ಹಿಡಿದು ನಿಂತಿರ್ತಾರೆ. "ಏನು ಮುಂದಾಳುಗಳೇ, ಹಿಂದಾಳು ಆಗಿಬಿಟ್ರಿ?" ಅಂತಾರೆ. ಊರುಗಳಿಲ್ಲ, ಹಾರ ಇಲ್ಲ. ಕಾಲುವೆಯಲ್ಲಿ ಬಾತುಕೋಳಿ ಇವೆ, ಅವು ನನ್ನ ಮುಖ ಕೂಡ ನೋಡಲ್ಲ.

ಎಡಗಾಲಲ್ಲಿ ಐದು ಬೊಬ್ಬೆ, ಬಲಗಾಲಲ್ಲಿ ಮೂರು. ಲೆಕ್ಕ ಬೇಕು ಅಲ್ಲವಾ ನಿನಗೆ, ಬರೆದುಕೋ.

ಕೊನೆಯಲ್ಲಿ ನಡೆಯೋರಿಗೆ ಒಂದು ವಿಷಯ ಗೊತ್ತಾಗುತ್ತೆ. ಮುಂದಿನವರು ನಿಂತು ದಣಿವಾರಿಸಿಕೊಳ್ತಾರೆ, ನಾವು ಹೋಗಿ ಸೇರೋ ಹೊತ್ತಿಗೆ ಎದ್ದು ಹೊರಟುಬಿಡ್ತಾರೆ. ನಮಗೆ ಕೂರೋಕೇ ಸಿಗಲ್ಲ. ನಿಮ್ಮಕ್ಕ ಇದನ್ನ ಯಾವತ್ತೂ ಹೇಳಲಿಲ್ಲ.

ಭಾವ

*

ಜನವರಿ ೭

ಮಾನ್ಯ ಭಾವನವರಿಗೆ,

ಇದು ಆರನೆಯ ತಂಗುದಾಣದಲ್ಲಿ ನಿಮ್ಮ ಕೈ ಸೇರುತ್ತದೆ. ಆ ಹೊತ್ತಿಗೆ ನೀವು ನೂರ ನಾಲ್ಕು ಕಿಲೋಮೀಟರು ನಡೆದಿರುತ್ತೀರಿ. ನಿಮ್ಮ ಎತ್ತರಕ್ಕೆ, ನೋಯುವ ಕಾಲಿಗೆ, ಒಂದು ಲಕ್ಷ ಎಪ್ಪತ್ತು ಸಾವಿರ ಹೆಜ್ಜೆ. ಅಕ್ಕನ ಹೆಜ್ಜೆ ಚಿಕ್ಕದು. ಅವಳಿಗೆ ಎರಡು ಲಕ್ಷದ ಮೇಲಾಗುತ್ತಿತ್ತು.

ಅವಳು ಹೇಳಲಿಲ್ಲವೆಂದು ಬರೆದಿದ್ದೀರಿ. ಅವಳು ಹೇಳಿದ್ದಳು, ನನಗೆ. ಕೊನೆಯ ಯಾತ್ರೆಗೆ ಮೊದಲು ಮೊಣಕಾಲಿನ ಎಕ್ಸರೇ ತೆಗೆಸಲು ನನ್ನಲ್ಲಿಗೆ ಬಂದಿದ್ದಳು. ಎರಡು ಮೂಳೆಗಳ ನಡುವೆ ಕೂದಲೆಳೆಯಷ್ಟೂ ತೆರವಿರಲಿಲ್ಲ. ವೈದ್ಯರು ನಡೆಯಬಾರದೆಂದರು. "ಮುಂದಾಳಿನ ಹೆಂಡ್ತಿ ಮನೇಲಿ ಕೂತ್ರೆ ಅವರಿಗೆ ಮುಖ ಇರುತ್ತೇನೋ?" ಎಂದು ನನ್ನನ್ನೇ ಗದರಿಸಿದಳು. ಆಗ ನಾನು ದಾರಿ ಬರೆದುಕೊಟ್ಟೆ. ಜೊತೆಗೆ ಹೋಗಲಿಲ್ಲ. ನೀವು ಕೇಳಿದಿರಿ, ಇದೇ ಉತ್ತರ.

ಏಳನೆಯ ದಿನದ ರೈಲುದಾರಿಯಲ್ಲಿ ಹಾಸುಗಲ್ಲುಗಳನ್ನು ಹಾಗೆಯೇ ಬಿಟ್ಟಿದ್ದಾರೆ. ಹದಿನಾರು ಕಿಲೋಮೀಟರು. ಬೊಬ್ಬೆ ಒಡೆಯುವುದು ಅಲ್ಲಿ. ಆ ದಾರಿಯನ್ನು ನಾನು ನಡೆದಾಗ ಪ್ರತಿ ಕಲ್ಲಿಗೂ ನಿಮ್ಮನ್ನು ನೆನೆದಿದ್ದೇನೆ.

ಇಂತಿ,
ನಿಮ್ಮ ಮೈದುನ

*

ಜನವರಿ ೧೧, ಒಂಬತ್ತನೆಯ ತಂಗುದಾಣ

ಭಾಮೈದ,

ಪಾದ ನೆಲಕ್ಕೆ ಊರೋಕಾಗ್ತಿಲ್ಲ. ಎಡಗಾಲು ಕೀವು ಕಟ್ಟಿದೆ. ಯಾತ್ರಿಕರಲ್ಲಿ ಒಬ್ಬರು ನರ್ಸು ಇದ್ದಾರೆ, "ಇನ್ನು ಮೂರು ದಿನ ನಡೆದ್ರೆ ಈ ಕಾಲಿಗೆ ನಾನು ಜವಾಬ್ದಾರಿ ಅಲ್ಲ" ಅಂದರು. ಶಾಲೆಯ ಬೆಂಚಿನ ಮೇಲೆ ಕಾಲು ಚಾಚಿಕೊಂಡು ಬರೀತಾ ಇದ್ದೀನಿ.

ನೀನು ಕೇಳಿದ್ದನ್ನ ಬರೀತೀನಿ. ನೀನು ತಿಳಕೊಂಡಿದ್ದು ಅರ್ಧ.

ಆ ಸಂಜೆ ನಾನು ತಂಗುದಾಣಕ್ಕೆ ಹೋಗಿ, ಕತ್ತಲಾಗ್ತಾ ಇದೆ, ಜನ ಇನ್ನೂ ಬಂದಿಲ್ಲ ಅಂತ ಜೀಪು ತಿರುಗಿಸಿಕೊಂಡು ಬಂದೆ. ಮೈಕಿನಲ್ಲಿ "ಬೇಗ ಬೇಗ" ಅಂತ ಕೂಗುತ್ತಾ ಸಾಲಿನ ಕೊನೆಗೆ ಬಂದೆ. ಅವಳು ರಸ್ತೆಯ ಆ ಬದಿ, ಜೀಪು ಈ ಬದಿ. ನನ್ನನ್ನು ನೋಡಿ ಕೈಯೆತ್ತಿದಳು. ರಸ್ತೆ ದಾಟಿ ಜೀಪಿನ ಹತ್ತಿರ ಬಂದು ಕಿಟಕಿ ಹಿಡಿದುಕೊಂಡು, "ರೀ, ಮಂಡಿ ಕಿತ್ತು ಬರ್ತಾ ಇದೆ, ಇದೊಂದು ಸಲ ಹತ್ತಿಸಿಕೊಳ್ಳಿ" ಅಂದಳು. ಮುಂದಿನ ತಿರುವಿನಲ್ಲಿ ನಮ್ಮ ಜನ ನಿಂತು ನೋಡ್ತಾ ಇದ್ದರು. ಮುಂದಾಳಿನ ಹೆಂಡತಿ ಜೀಪು ಹತ್ತಿದಳು ಅಂತ ಆಗಬಾರದಲ್ಲ. "ಜಾಗ ಇಲ್ಲ" ಅಂದೆ. ಹಿಂದಿನ ಸೀಟಿನಲ್ಲಿ ಹಾರದ ಬುಟ್ಟಿ ಒಂದೇ ಇತ್ತು. ಅವಳಿಗೂ ಕಾಣ್ತಿತ್ತು. ಬುಟ್ಟಿ ನೋಡಿದಳು, ನನ್ನ ನೋಡಿದಳು, ತಿರುಗಿ ತನ್ನ ಬದಿಗೆ ಹೊರಟಳು. ಲಾರಿ ಬಂತು.

ಅಡ್ಡ ಬಂದಳು ಅಂತ ಬರೆಸಿದ್ದು ನಿಜವೇ. ಯಾಕೆ ಬಂದಳು ಅನ್ನೋದನ್ನ ಯಾರೂ ಕೇಳಲಿಲ್ಲ, ನಾನು ಹೇಳಲಿಲ್ಲ.

ಇದನ್ನೇ ಬೇರೆ ಹಾಳೆಯಲ್ಲಿ ಬರೆದು ಸಹಿ ಮಾಡಿ ಒಳಗಿಟ್ಟಿದ್ದೀನಿ. ಠಾಣೆಗೆ ಕೊಡು. ಜನಕ್ಕೂ ತಿಳಿಯಲಿ.

ಈಗ ನೀನು ಕೊಟ್ಟ ಮಾತು. ಇಲ್ಲಿಗೆ ಹತ್ತಿರದ ರಸ್ತೆ ಎಲ್ಲಿದೆ ಹೇಳು. ಯಾರನ್ನೂ ಕೇಳಲ್ಲ, ನೀನು ಹೇಳಿದರೆ ಮಾತ್ರ ಹೋಗ್ತೀನಿ.

ನಿನ್ನ ಭಾವ

*

ಜನವರಿ ೧೨

ಮಾನ್ಯ ಭಾವನವರಿಗೆ,

ಪತ್ರವೂ ಸಹಿ ಮಾಡಿದ ಹಾಳೆಯೂ ಇಂದು ಹನ್ನೊಂದು ಗಂಟೆಗೆ ತಲುಪಿದವು. ಹಾಳೆಯನ್ನು ಮಧ್ಯಾಹ್ನ ಠಾಣೆಗೆ ಕೊಟ್ಟು ರಸೀದಿ ಪಡೆದಿದ್ದೇನೆ.

ತಾವು ಕೇಳಿದ್ದಕ್ಕೆ ಉತ್ತರ: ಒಂಬತ್ತನೆಯ ತಂಗುದಾಣದ ಹತ್ತಿರ ರಸ್ತೆ ಇಲ್ಲ.

ಇಂತಿ,
ನಿಮ್ಮ ಮೈದುನ

*

ಜನವರಿ ೧೪, ಬೆಳಿಗ್ಗೆ

ಭಾಮೈದ,

ನಿನ್ನ ಕಾಗದ ನಿನ್ನೆ ಬಂತು. ತಂದ ಅಂಚೆಯವನು ಬಸ್ಸಿಳಿದು ಬಂದ. ಶಾಲೆಯ ಹಿಂದಿನ ಗೋಡೆಯಿಂದ ರಸ್ತೆಗೆ ಮುನ್ನೂರೈವತ್ತು ಹೆಜ್ಜೆ ಇರಬಹುದು, ನಿನ್ನ ಪಟ್ಟಿನಕ್ಷೆಯಿಂದ ಒಂದು ಚೂರು ಆಚೆ. ಬಂದ ದಿನದಿಂದ ಲಾರಿಗಳ ಹಾರ್ನು ಕೇಳ್ತಾನೇ ಇದೆ. ನಿನಗೆ ಬರೆಯೋವಾಗಲೂ ಕೇಳ್ತಿತ್ತು.

ಗೊತ್ತಿದ್ದೂ ಯಾಕೆ ಕೇಳಿದೆ ಅಂತ ನೀನು ಕೇಳಬಹುದು. ಅವಳಿಗೂ ಬುಟ್ಟಿ ಕಾಣ್ತಿತ್ತು, ಆದರೂ ಕೇಳಿದಳು. ಯಾಕೆ ಅಂತ ಎರಡು ವರ್ಷದಿಂದ ತಲೆ ಕೆಡಿಸಿಕೊಂಡಿದ್ದೆ. ಮೊನ್ನೆ ಕಾಗದ ಡಬ್ಬಿಗೆ ಹಾಕಿ ಎರಡು ದಿನ ಕಾದಾಗ ಸ್ವಲ್ಪ ತಿಳೀತು.

ನೀನು ಮೂವತ್ತು ವರ್ಷ ಒಂದು ಗೆರೆ ತಪ್ಪು ಎಳೆದವನಲ್ಲ. ನನಗೋಸ್ಕರ ಎಳೆದೆ.

ಬೆಳಿಗ್ಗೆ ನರ್ಸು ಕಾಲಿಗೆ ಬಟ್ಟೆ ಸುತ್ತುವಾಗ ಹೆಡ್ಮಿಸ್ಸು ಬಂದು ಪಕ್ಕದಲ್ಲಿ ನಿಂತರು. ನಿನ್ನ ಕಾಗದ ಬೆಂಚಿನ ಮೇಲೇ ಬಿದ್ದಿತ್ತು, ಓದಿದರು. ಕಿಟಕಿಯಿಂದ ಆಚೆ ನೋಡಿದರು, ಮತ್ತೆ ಓದಿದರು. ಅವರಿಗೆ ಅಷ್ಟು ಮೆಲ್ಲಗೆ ಮಾತಾಡೋಕೆ ಬರುತ್ತೆ ಅಂತ ನನಗೆ ಗೊತ್ತಿರಲಿಲ್ಲ.

"ರಸ್ತೆ ಅಲ್ಲೇ ಕಾಣ್ತಾ ಇದೆಯಲ್ರೀ. ನಿಮ್ಮ ಭಾಮೈದ ಇಲ್ಲ ಅಂತ ಬರೆದಿದ್ದಾರೆ?"

"ಅವನು ಬರೆದ ಮೇಲೆ ಇಲ್ಲ ಅಂತಲೇ, ಮಿಸ್" ಅಂದೆ. "ಕೋಲು ಕೊಡಿ."